ಟೆರಾಹರ್ಟ್ಸ್ ಚಿತ್ರಣ ಏಕಿಷ್ಟು ನಿಧಾನ? ಮಿಲಿವ್ಯಾಟ್ ದಾಖಲೆಗಳ ಹಿಂದಿನ ಲೆಕ್ಕ

ಜಪಾನಿನ ಕ್ಯಾನನ್ ಕಂಪನಿ 2023ರ ಜನವರಿಯಲ್ಲಿ 450 ಗಿಗಾಹರ್ಟ್ಸ್ (0.45 ಟೆರಾಹರ್ಟ್ಸ್) ಆವೃತ್ತಿಯ ವಿಕಿರಣವನ್ನು ಹೊಮ್ಮಿಸುವ ಪುಟ್ಟ ಅರೆವಾಹಕ ಸಾಧನವೊಂದನ್ನು ಪ್ರಕಟಿಸಿ, ಅದರ 11.8 ಮಿಲಿವ್ಯಾಟ್ ಸಾಮರ್ಥ್ಯವನ್ನು ವಿಶ್ವದಾಖಲೆ ಎಂದು ಹೇಳಿಕೊಂಡಿತು. ಅದಕ್ಕೆ ಎರಡು ವರ್ಷ ಮೊದಲು, 2020ರ ನವೆಂಬರ್‌ನಲ್ಲಿ, ಅಮೆರಿಕದ ಎಂಐಟಿ ಮತ್ತು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಟೆರಾಹರ್ಟ್ಸ್ ಲೇಸರ್ ಮೈನಸ್ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡಿತೆಂದು ಪ್ರಕಟಿಸಿದಾಗಲೂ ಇದೇ ಬಗೆಯ ಸಂಭ್ರಮ ಕಂಡಿತ್ತು. 2024ರ ಆಗಸ್ಟ್‌ನಲ್ಲಿ ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 95 ಗಿಗಾಹರ್ಟ್ಸ್‌ನಿಂದ 3 ಟೆರಾಹರ್ಟ್ಸ್‌ವರೆಗಿನ ತರಂಗಗಳನ್ನು ಪ್ರಯೋಗಗಳಿಗೆ ಮುಕ್ತಗೊಳಿಸಬೇಕೆಂದು ಶಿಫಾರಸು ಮಾಡಿತು.

ಸಾಮಾನ್ಯ ಓದುಗರಿಗೆ ಈ ಸುದ್ದಿಗಳು ಗೊಂದಲ ಹುಟ್ಟಿಸುವುದು ಸಹಜ. ಸಭೆಗಳಲ್ಲಿ ಪರದೆಯತ್ತ ತೋರಿಸಲು ಬಳಸುವ ಲೇಸರ್ ಕಡ್ಡಿಯೇ ಕೆಲವು ಮಿಲಿವ್ಯಾಟ್ ಬೆಳಕು ಕೊಡುವಾಗ, 11.8 ಮಿಲಿವ್ಯಾಟ್ ದಾಖಲೆಯಾಗುವುದು ಹೇಗೆ? ಹಿಮ ಬೀಳುವ ಊರಿನ ಚಳಿಯಲ್ಲಷ್ಟೇ ಉರಿಯುವ ಲೇಸರನ್ನು ಮುನ್ನಡೆ ಎನ್ನುವುದೇಕೆ? ಎಕ್ಸ್‌-ರೇಗೆ ಬದಲಿಯಾಗಿ ಬರಲಿದೆ ಎಂದು ಎರಡು ದಶಕಗಳಿಂದ ಹೇಳಲಾಗುತ್ತಿರುವ ಟೆರಾಹರ್ಟ್ಸ್ ಕಿರಣಗಳು ಇನ್ನೂ ಏಕೆ ಬಂದಿಲ್ಲ? ಈ ಪ್ರಶ್ನೆಗಳಿಗೆಲ್ಲ ಬೇರು ಒಂದೇ: ಒಂದು ಚಿತ್ರ ತೆಗೆಯಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕ.

ಎರಡು ತಂತ್ರಜ್ಞಾನಗಳ ನಡುವಿನ ಬೀಳುಭೂಮಿ

ಸಾಮಾನ್ಯವಾಗಿ 0.1ರಿಂದ 10 ಟೆರಾಹರ್ಟ್ಸ್‌ವರೆಗಿನ ವಿದ್ಯುತ್ಕಾಂತೀಯ ತರಂಗಗಳನ್ನು ಟೆರಾಹರ್ಟ್ಸ್ ವಲಯ ಎನ್ನುತ್ತಾರೆ. ಇವುಗಳ ತರಂಗಾಂತರ 3 ಮಿಲಿಮೀಟರ್‌ನಿಂದ 0.03 ಮಿಲಿಮೀಟರ್‌ವರೆಗೆ. ಈ ವಲಯದ ಕೆಳಗೆ ಮೊಬೈಲ್ ಮತ್ತು ರೇಡಾರ್ ಬಳಸುವ ಮೈಕ್ರೋವೇವ್‌ಗಳಿವೆ, ಮೇಲೆ ಅವಕೆಂಪು ಬೆಳಕಿದೆ. ಬಟ್ಟೆ, ಕಾಗದ, ರಟ್ಟು, ಪ್ಲಾಸ್ಟಿಕ್, ಥರ್ಮೊಕೋಲ್‌ನಂಥ ಒಣ ವಸ್ತುಗಳನ್ನು ಈ ಕಿರಣಗಳು ಹಾದುಹೋಗುತ್ತವೆ. ಲೋಹ ಇವನ್ನು ಪ್ರತಿಫಲಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಹಲವು ಔಷಧ ಮತ್ತು ಸ್ಫೋಟಕಗಳ ಹರಳುಗಳು ಈ ವಲಯದ ನಿರ್ದಿಷ್ಟ ಆವೃತ್ತಿಗಳನ್ನು ಮಾತ್ರ ಹೀರಿಕೊಳ್ಳುವುದರಿಂದ, ಒಳಗಿರುವ ವಸ್ತುವಿನ ಆಕಾರದ ಜೊತೆಗೆ ಅದು ಯಾವ ವಸ್ತುವೆಂಬ ಸುಳಿವೂ ಸಿಗುತ್ತದೆ. 1 ಟೆರಾಹರ್ಟ್ಸ್ ಫೋಟಾನಿನ ಶಕ್ತಿ ಸುಮಾರು 4 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಆಸ್ಪತ್ರೆಯ ಎಕ್ಸ್‌-ರೇ ಫೋಟಾನಿನ ಶಕ್ತಿ ಇದಕ್ಕಿಂತ ಸರಿಸುಮಾರು ಒಂದು ಕೋಟಿ ಪಟ್ಟು ಹೆಚ್ಚು. ಆದ್ದರಿಂದ ಎಕ್ಸ್‌-ರೇ ಮಾಡುವಂತೆ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಡಿಎನ್ಎಗೆ ಹಾನಿ ಮಾಡುವ ಶಕ್ತಿ ಇವಕ್ಕಿಲ್ಲ.

ಇಷ್ಟೆಲ್ಲ ಗುಣಗಳಿದ್ದೂ ಈ ವಲಯ ಬೀಳುಬಿದ್ದದ್ದು ಆಕರಗಳ, ಅಂದರೆ ಈ ಕಿರಣಗಳನ್ನು ಹುಟ್ಟಿಸುವ ಸಾಧನಗಳ, ಕೊರತೆಯಿಂದ. ಕೆಳಗಿನಿಂದ ಹೊರಟರೆ, ಟ್ರಾನ್ಸಿಸ್ಟರಿನಂಥ ಸಾಧನಗಳಲ್ಲಿ ಎಲೆಕ್ಟ್ರಾನ್‌ಗಳು ಅತ್ತಿಂದಿತ್ತ ಓಡಾಡಬೇಕು. ಒಂದು ಸೆಕೆಂಡಿಗೆ ಲಕ್ಷ ಕೋಟಿ ಸಲ ದಿಕ್ಕು ಬದಲಿಸುವ ವೇಗವನ್ನು ಅವು ಮುಟ್ಟುವುದು ಕಷ್ಟ, ಹೀಗಾಗಿ ಆವೃತ್ತಿ ಏರಿದಂತೆ ಹೊರಬರುವ ಸಾಮರ್ಥ್ಯ ಕಡಿದಾಗಿ ಕುಸಿಯುತ್ತದೆ. ಮೇಲಿನಿಂದ ಇಳಿದರೆ ಲೇಸರುಗಳಿವೆ. ಲೇಸರ್ ಕೆಲಸ ಮಾಡಲು ಎಲೆಕ್ಟ್ರಾನ್‌ಗಳು ಮೇಲಿನ ಶಕ್ತಿಮಟ್ಟದಲ್ಲಿ ಹೆಚ್ಚು, ಕೆಳಗಿನ ಮಟ್ಟದಲ್ಲಿ ಕಡಿಮೆ ಇರಬೇಕು. ಆದರೆ ಕೋಣೆಯ ತಾಪಮಾನದಲ್ಲಿ ಶಾಖದ ಸಹಜ ಕದಲಿಕೆಯ ಶಕ್ತಿಯೇ ಸುಮಾರು 26 ಮಿಲಿ ಎಲೆಕ್ಟ್ರಾನ್‌ವೋಲ್ಟ್, ಅಂದರೆ 1 ಟೆರಾಹರ್ಟ್ಸ್ ಫೋಟಾನಿನ ಆರು ಪಟ್ಟು. ಎರಡು ಮಟ್ಟಗಳ ನಡುವಿನ ಅಂತರ ಅಷ್ಟು ಕಿರಿದಾಗಿರುವಾಗ, ಶಾಖವೇ ಎಲೆಕ್ಟ್ರಾನ್‌ಗಳನ್ನು ಮೇಲೆ ಕೆಳಗೆ ಕಲಸಿಬಿಡುತ್ತದೆ.

ಈ ಗಡಿಗೆ ಮೊದಲು ಬಂದವರಲ್ಲಿ ಭಾರತೀಯರೊಬ್ಬರಿದ್ದರು. 1890ರ ದಶಕದ ಕೊಲ್ಕತ್ತಾದಲ್ಲಿ ಜಗದೀಶಚಂದ್ರ ಬೋಸ್ ಸುಮಾರು 5 ಮಿಲಿಮೀಟರ್ ತರಂಗಾಂತರದ, ಅಂದರೆ 60 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು ಹುಟ್ಟಿಸಿ ಪತ್ತೆ ಮಾಡಿದ್ದರು. ಅಲ್ಲಿಂದ ಮುಂದಿನ ಹಾದಿ ಬಹು ನಿಧಾನವಾಗಿ ಸಾಗಿತು.

(ಅಂತರ್ಜಾಲದಲ್ಲಿ ಟೆರಾಹರ್ಟ್ಸ್ ಕಲ್ಲು, ಬಳೆ, ಬಿಸಿಗಾಳಿ ಬೀಸುವ ಚಿಕಿತ್ಸಾ ಉಪಕರಣಗಳ ಹೆಸರಿನಲ್ಲಿ ಮಾರಾಟವಾಗುವ ಸರಕುಗಳಿಗೂ ಈ ವಿಜ್ಞಾನಕ್ಕೂ ಸಂಬಂಧವಿಲ್ಲ. ಬೆಚ್ಚಗಿರುವ ಯಾವ ವಸ್ತುವೂ, ನಮ್ಮ ಮೈಯೂ ಸೇರಿ, ಈ ವಲಯದಲ್ಲಿ ಒಂದಿಷ್ಟು ವಿಕಿರಣವನ್ನು ಹೊರಸೂಸುತ್ತಲೇ ಇರುತ್ತದೆ. ಅದಕ್ಕೆ ಕಲ್ಲು ಕೊಳ್ಳಬೇಕಿಲ್ಲ.)

ಚುಕ್ಕಿ ಚುಕ್ಕಿ ಸೇರಿಸಿ ಚಿತ್ರ

1995ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಬಿನ್‌ಬಿನ್ ಹು ಮತ್ತು ಮಾರ್ಟಿನ್ ನಸ್ ಟೆರಾಹರ್ಟ್ಸ್ ಕಿರಣಗಳಿಂದ ಒಂದು ಅರೆವಾಹಕ ಚಿಪ್ಪಿನ ಒಳಭಾಗವನ್ನೂ ಒಂದು ಎಲೆಯಲ್ಲಿ ನೀರಿನ ಹಂಚಿಕೆಯನ್ನೂ ಚಿತ್ರಿಸಿ ತೋರಿಸಿದರು. ಅವರು ಬಳಸಿದ ವಿಧಾನ ಇಂದಿಗೂ ಪ್ರಯೋಗಾಲಯಗಳ ಮುಖ್ಯ ವಿಧಾನ. ಒಂದು ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟೇ ಅವಧಿಯ ಲೇಸರ್ ಪಲ್ಸು ಅರೆವಾಹಕದ ಮೇಲೆ ಬಿದ್ದಾಗ ಅಲ್ಲಿ ಕ್ಷಣಮಾತ್ರ ವಿದ್ಯುತ್ ಹರಿದು ಟೆರಾಹರ್ಟ್ಸ್ ಪಲ್ಸು ಹುಟ್ಟುತ್ತದೆ. ಅದು ವಸ್ತುವಿನ ಒಂದು ಬಿಂದುವನ್ನು ಹಾದುಹೋದ ಬಳಿಕ ಅದರ ಅಲೆಯ ಆಕಾರವನ್ನು ತುಣುಕು ತುಣುಕಾಗಿ ಅಳೆಯುತ್ತಾರೆ. ಅನಂತರ ವಸ್ತುವನ್ನು ಕೊಂಚ ಸರಿಸಿ ಮುಂದಿನ ಬಿಂದುವಿಗೆ ಹೋಗುತ್ತಾರೆ.

ಈ ವಿಧಾನ ಕೊಡುವ ಮಾಹಿತಿ ಶ್ರೀಮಂತ. ಪ್ರತಿ ಬಿಂದುವಿನಲ್ಲೂ ಪಲ್ಸು ಎಷ್ಟು ತಡವಾಗಿ ಬಂತು ಎಂಬುದರಿಂದ ಪದರದ ದಪ್ಪವೂ, ಯಾವ ಆವೃತ್ತಿ ಮಾಯವಾಯಿತು ಎಂಬುದರಿಂದ ವಸ್ತುವಿನ ಗುರುತೂ ತಿಳಿಯುತ್ತದೆ. ಬೆಲೆ ತೆರುವುದು ಸಮಯದಲ್ಲಿ. ಸೆಕೆಂಡಿಗೆ 20 ಅಲೆಗಳನ್ನು ಅಳೆಯುವ ಉಪಕರಣ ಅಂದುಕೊಳ್ಳೋಣ. ಅಗಲ 100, ಎತ್ತರ 100 ಬಿಂದುಗಳ ಚಿತ್ರಕ್ಕೆ 10,000 ಅಳತೆ ಬೇಕು, ಅಂದರೆ 500 ಸೆಕೆಂಡ್, ಎಂಟು ನಿಮಿಷಕ್ಕೂ ಹೆಚ್ಚು. ಹಳೆಯ ಮೊಬೈಲಿನ ಫೋಟೊ ಕೂಡ ಇದಕ್ಕಿಂತ ನೂರಾರು ಪಟ್ಟು ಹೆಚ್ಚು ಬಿಂದುಗಳನ್ನು ಹೊಂದಿರುತ್ತದೆ. ಅಳೆಯುವ ಯಂತ್ರಭಾಗವನ್ನು ಚುರುಕುಗೊಳಿಸಿ ಸೆಕೆಂಡಿಗೆ ಸಾವಿರ ಅಲೆಗಳನ್ನು ಹಿಡಿಯುವ ಉಪಾಯಗಳು ಈಗ ಇವೆ. ಆದರೆ ಪ್ರತಿ ಅಲೆಗೆ ಕೊಡುವ ಹೊತ್ತು ಕಡಿಮೆಯಾದಷ್ಟೂ ಸಂಕೇತ ಗದ್ದಲದಲ್ಲಿ ಮುಳುಗುತ್ತದೆ. ಇಲ್ಲಿಂದ ಸಮಸ್ಯೆ ಯಂತ್ರದ್ದಾಗಿ ಉಳಿಯದೆ ಆಕರದ್ದಾಗುತ್ತದೆ.

ಕ್ಯಾಮೆರಾ ಇಟ್ಟರೆ ಸಾಲದೆ?

ಒಂದೊಂದೇ ಬಿಂದುವನ್ನು ಅಳೆಯುವ ಬದಲು ಸಾವಿರಾರು ಪಿಕ್ಸೆಲ್‌ಗಳ ಕ್ಯಾಮೆರಾ ಇಟ್ಟು ಇಡೀ ಚಿತ್ರವನ್ನು ಒಮ್ಮೆಗೇ ತೆಗೆಯಬಾರದೇಕೆ ಎಂದು ಯಾರಿಗಾದರೂ ತೋಚುತ್ತದೆ. ಸುದ್ದಿಗಳಲ್ಲಿ ಬಿಟ್ಟುಹೋಗುವ ಲೆಕ್ಕ ಇಲ್ಲಿಯೇ ಇರುವುದರಿಂದ ಇದನ್ನು ನಿಧಾನವಾಗಿ ನೋಡಬೇಕು.

ಯಾವ ಡಿಟೆಕ್ಟರಿಗೂ ತನ್ನದೇ ಆದ ಗದ್ದಲವಿರುತ್ತದೆ. ಜಾತ್ರೆಯ ನಡುವೆ ಕೂಗಿ ಹೇಳುವವನ ದನಿ ಅರ್ಧಕ್ಕೆ ಇಳಿದರೆ, ಅದೇ ಮಾತು ಅಷ್ಟೇ ಸ್ಪಷ್ಟವಾಗಿ ಕೇಳಲು ಎರಡು ಸಲವಲ್ಲ, ನಾಲ್ಕು ಸಲ ಹೇಳಬೇಕಾಗುತ್ತದೆ. ಯಾದೃಚ್ಛಿಕ ಗದ್ದಲವನ್ನು ಸರಾಸರಿಯಿಂದ ಕಳೆಯುವಾಗ ಸ್ಪಷ್ಟತೆ ಹೆಚ್ಚುವುದು ಸಮಯದ ವರ್ಗಮೂಲದಷ್ಟು ಮಾತ್ರ. ಆದ್ದರಿಂದ ಬೆಳಕಿನ ಸಾಮರ್ಥ್ಯವನ್ನು ನೇರವಾಗಿ ಅಳೆಯುವ ಡಿಟೆಕ್ಟರಿನಲ್ಲಿ, ಆಕರದ ಸಾಮರ್ಥ್ಯ ಹತ್ತು ಪಟ್ಟು ಹೆಚ್ಚಿದರೆ ಬೇಕಾಗುವ ಸಮಯ ನೂರು ಪಟ್ಟು ಇಳಿಯುತ್ತದೆ. ಮಿಲಿವ್ಯಾಟ್‌ಗಳಿಗಾಗಿ ಸಂಶೋಧಕರು ಇಷ್ಟು ಹೆಣಗುವುದಕ್ಕೆ ಇದೇ ಕಾರಣ. (ಪಲ್ಸಿನ ಅಲೆಯನ್ನೇ ಅಳೆಯುವ, ಮೇಲೆ ಹೇಳಿದ ಬಗೆಯ ಉಪಕರಣದಲ್ಲಿ ಲಾಭ ಇಷ್ಟು ದೊಡ್ಡದಲ್ಲ. ಅಲ್ಲಿ ಹತ್ತು ಪಟ್ಟು ಸಾಮರ್ಥ್ಯ ಹತ್ತು ಪಟ್ಟು ವೇಗವನ್ನಷ್ಟೇ ಕೊಡುತ್ತದೆ.)

ಈ ನಿಯಮದ ಇನ್ನೊಂದು ಮುಖ ಕ್ಯಾಮೆರಾಕ್ಕೆ ಪ್ರತಿಕೂಲ. ಬಿಂದುವಿನಿಂದ ಬಿಂದುವಿಗೆ ಸಾಗುವಾಗ ಆಕರದ ಇಡೀ ಸಾಮರ್ಥ್ಯ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಕ್ಯಾಮೆರಾ ಬಳಸುವಾಗ ಅದೇ ಸಾಮರ್ಥ್ಯ ಎಲ್ಲ ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ. ಸಾವಿರ ಪಿಕ್ಸೆಲ್‌ಗಳಿಗೆ ಹಂಚಿದರೆ ಪ್ರತಿಯೊಂದಕ್ಕೂ ಸಾವಿರದ ಒಂದು ಪಾಲು, ಹಾಗಾಗಿ ಅದೇ ಸ್ಪಷ್ಟತೆಗೆ ಹತ್ತು ಲಕ್ಷ ಪಟ್ಟು ಸಮಯ. ಸಾವಿರ ಬಿಂದುಗಳನ್ನು ಒಮ್ಮೆಗೇ ಅಳೆಯುವುದರಿಂದ ಉಳಿಯುವುದು ಸಾವಿರ ಪಟ್ಟು ಮಾತ್ರ. ಅಂದರೆ ಆಕರ ದುರ್ಬಲವಾಗಿದ್ದು ಡಿಟೆಕ್ಟರಿನ ಗದ್ದಲವೇ ಮಿತಿಯಾಗಿರುವಾಗ, ಕ್ಯಾಮೆರಾ ಚಿತ್ರವನ್ನು ವೇಗಗೊಳಿಸುವ ಬದಲು ನಿಧಾನಗೊಳಿಸುತ್ತದೆ.

ನಿಜವಾದ ಅಂಕಿಗಳನ್ನಿಟ್ಟು ನೋಡೋಣ. ತಂಪು ಮಾಡಬೇಕಿಲ್ಲದ, ಕಿರಣ ತಂದ ಶಾಖವನ್ನು ಅಳೆಯುವ ಮೈಕ್ರೋಬೊಲೋಮೀಟರ್ ಕ್ಯಾಮೆರಾಗಳಲ್ಲಿ 320ಕ್ಕೆ 240, ಅಂದರೆ 76,800 ಪಿಕ್ಸೆಲ್‌ಗಳಿರುವುದು ಸಾಮಾನ್ಯ. ಕೆಲವು ಟೆರಾಹರ್ಟ್ಸ್ ಆವೃತ್ತಿಯಲ್ಲಿ ಇಂಥ ಒಂದು ಪಿಕ್ಸೆಲ್ ಗುರುತಿಸಬಲ್ಲ ಕನಿಷ್ಠ ಸಾಮರ್ಥ್ಯ ಕೆಲವು ಹತ್ತು ಪಿಕೋವ್ಯಾಟ್‌ನಿಂದ ನೂರು ಪಿಕೋವ್ಯಾಟ್ ಆಸುಪಾಸಿನದು (ಒಂದು ಪಿಕೋವ್ಯಾಟ್ ಎಂದರೆ ವ್ಯಾಟಿನ ಲಕ್ಷ ಕೋಟಿಯಲ್ಲಿ ಒಂದು ಭಾಗ). ಹಳೆಯ ಬಗೆಯ ಪಲ್ಸ್ ಆಕರದ 10 ಮೈಕ್ರೋವ್ಯಾಟನ್ನು ಇಷ್ಟೂ ಪಿಕ್ಸೆಲ್‌ಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 130 ಪಿಕೋವ್ಯಾಟ್ ಬರುತ್ತದೆ. ನಡುವೆ ವಸ್ತುವನ್ನು ಇಡುವ ಮೊದಲೇ ಅದು ಗದ್ದಲದ ಅಂಚಿನಲ್ಲಿರುತ್ತದೆ. ಆಕರ 10 ಮಿಲಿವ್ಯಾಟಿನದಾದರೆ ಪ್ರತಿ ಪಿಕ್ಸೆಲ್‌ಗೆ ಸಾವಿರ ಪಟ್ಟು ಹೆಚ್ಚು ಸಿಗುತ್ತದೆ. ವಸ್ತು ಶೇಕಡ 99ರಷ್ಟನ್ನು ನುಂಗಿದರೂ ಸೆಕೆಂಡಿಗೆ 30 ಚಿತ್ರಗಳ ವಿಡಿಯೊ ಬರಬಹುದು. ಮೈಕ್ರೋವ್ಯಾಟ್‌ಗೂ ಮಿಲಿವ್ಯಾಟ್‌ಗೂ ನಡುವಿನ ಈ ಸಾವಿರ ಪಟ್ಟಿನಲ್ಲಿಯೇ ಕ್ಯಾಮೆರಾ ನಿರುಪಯುಕ್ತವಾಗಿರುವ ಸ್ಥಿತಿ ದಾಟಿ ಉಪಯುಕ್ತವಾಗುವ ಗೆರೆ ಇದೆ. ಕ್ಯಾನನ್‌ನ 11.8 ಮಿಲಿವ್ಯಾಟ್ ಸುದ್ದಿಯಾದದ್ದು ಈ ಹಿನ್ನೆಲೆಯಲ್ಲಿ.

ಲೇಸರನ್ನು ಶಾಖದಿಂದ ಕಾಯುವ ಕೆಲಸ

1 ಟೆರಾಹರ್ಟ್ಸ್‌ಗಿಂತ ಮೇಲೆ ಮಿಲಿವ್ಯಾಟ್‌ಗಳನ್ನು ಕೊಡಬಲ್ಲ ಚಿಕ್ಕ ಆಕರಗಳಲ್ಲಿ ಮುಖ್ಯವಾದುದು ಕ್ವಾಂಟಂ ಕ್ಯಾಸ್ಕೇಡ್ ಲೇಸರ್. ಇದರಲ್ಲಿ ಕೆಲವೇ ನ್ಯಾನೊಮೀಟರ್ ದಪ್ಪದ ಅರೆವಾಹಕ ಪದರಗಳನ್ನು ನೂರಾರು ಸಂಖ್ಯೆಯಲ್ಲಿ ಒಂದರ ಮೇಲೊಂದು ಬೆಳೆಸಿ, ಎಲೆಕ್ಟ್ರಾನಿಗೆ ಬೇಕಾದ ಶಕ್ತಿಮಟ್ಟಗಳನ್ನು ಪದರಗಳ ದಪ್ಪದಿಂದಲೇ ರೂಪಿಸುತ್ತಾರೆ. ಒಂದೇ ಎಲೆಕ್ಟ್ರಾನ್ ಹಂತ ಹಂತವಾಗಿ ಇಳಿಯುತ್ತ ಪ್ರತಿ ಹಂತದಲ್ಲೂ ಫೋಟಾನ್ ಬಿಡುವ ಸಾಧ್ಯತೆ ಇರುತ್ತದೆ. ಅವಕೆಂಪು ವಲಯದಲ್ಲಿ ಇದನ್ನು 1994ರಲ್ಲಿ ಬೆಲ್ ಲ್ಯಾಬ್ಸ್ ಸಾಧಿಸಿತ್ತು. 2002ರಲ್ಲಿ ಇಟಲಿಯ ಪೀಸಾ ಮತ್ತು ಇಂಗ್ಲೆಂಡಿನ ಕೇಂಬ್ರಿಜ್ ತಂಡಗಳು 4.4 ಟೆರಾಹರ್ಟ್ಸ್‌ನಲ್ಲಿ ಸಾಧಿಸಿದವು. ಆ ಮೊದಲ ಲೇಸರ್ 50 ಕೆಲ್ವಿನ್, ಅಂದರೆ ಮೈನಸ್ 223 ಡಿಗ್ರಿಯನ್ನು ಮೀರಿದರೆ ನಿಂತುಹೋಗುತ್ತಿತ್ತು.

ತಾಪಮಾನ ಏರಿದಾಗ ಎರಡು ಅನಾಹುತಗಳು ಒಟ್ಟಿಗೆ ಆಗುತ್ತವೆ. ಮೇಲಿನ ಮಟ್ಟದಲ್ಲಿರುವ ಎಲೆಕ್ಟ್ರಾನ್‌ಗಳು ಶಾಖದಿಂದ ಹೆಚ್ಚುವರಿ ಶಕ್ತಿ ಪಡೆದು, ಫೋಟಾನ್ ಬಿಡುವ ಬದಲು ಹರಳಿನ ಕಂಪನಕ್ಕೆ ತಮ್ಮ ಶಕ್ತಿಯನ್ನು ಒಪ್ಪಿಸಿ ಕೆಳಗಿಳಿಯುತ್ತವೆ. ಇನ್ನು ಕೆಲವು ಪದರಗಳ ತಡೆಗೋಡೆಯನ್ನೇ ಹಾರಿ ಸೋರಿಹೋಗುತ್ತವೆ. 2012ರ ಹೊತ್ತಿಗೆ ಗರಿಷ್ಠ ತಾಪಮಾನ 199.5 ಕೆಲ್ವಿನ್‌ಗೆ ಏರಿ, ಅಲ್ಲಿಯೇ ಏಳು ವರ್ಷ ನಿಂತಿತು. 2019ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಸ್ಥೆ 210 ಕೆಲ್ವಿನ್ ಮುಟ್ಟಿತು. ಎಂಐಟಿ–ವಾಟರ್‌ಲೂ ತಂಡ ತಡೆಗೋಡೆಗಳಲ್ಲಿ ಅಲ್ಯೂಮಿನಿಯಂ ಪ್ರಮಾಣವನ್ನು ಹೆಚ್ಚಿಸಿ ಅವನ್ನು ಎತ್ತರಿಸಿತು, ಸೋರಿಕೆಯನ್ನು ಕಟ್ಟಿಹಾಕಿತು ಮತ್ತು 250 ಕೆಲ್ವಿನ್ ತಲುಪಿತು. 2023ರಲ್ಲಿ ಆ ಗೆರೆ 261 ಕೆಲ್ವಿನ್‌ಗೆ, ಅಂದರೆ ಮೈನಸ್ 12 ಡಿಗ್ರಿಗೆ ಬಂತು.

ಈ ಏರಿಕೆಯ ಮಹತ್ವ ಕೋಣೆಯ ತಾಪಮಾನಕ್ಕೆ ಹತ್ತಿರವಾಯಿತು ಎಂಬುದರಲ್ಲಿ ಅಷ್ಟಾಗಿ ಇಲ್ಲ. ಸುಮಾರು 200 ಕೆಲ್ವಿನ್ ದಾಟಿದ ಮೇಲೆ ದ್ರವ ಸಾರಜನಕ ಅಥವಾ ಸದ್ದುಮಾಡುವ ಭಾರವಾದ ಶೀತಕ ಯಂತ್ರದ ಅಗತ್ಯ ತಪ್ಪಿ, ವಿದ್ಯುತ್ತಿನಿಂದಲೇ ತಂಪು ಮಾಡುವ ಬಿಲ್ಲೆಯಷ್ಟು ಚಿಕ್ಕ ಪೆಲ್ಟಿಯರ್ ಸಾಧನ ಸಾಕಾಗುತ್ತದೆ. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಉಪಕರಣ ಆಗಲೇ ಸಾಧ್ಯವಾಗುವುದು. ಎಂಐಟಿ ತಂಡ ತನ್ನ ಲೇಸರಿನ ಜೊತೆ ಕೋಣೆಯ ತಾಪಮಾನದ ಕ್ಯಾಮೆರಾ ಬಳಸಿ ಚಲಿಸುವ ಚಿತ್ರವನ್ನೂ ತೋರಿಸಿತು.

ಆದರೂ ಇಲ್ಲೊಂದು ಎಚ್ಚರಿಕೆ ಬೇಕು. 250 ಕೆಲ್ವಿನ್ ದಾಖಲೆ ಲೇಸರನ್ನು ಚಿಕ್ಕ ಪಲ್ಸುಗಳಲ್ಲಿ ಹಚ್ಚಿ ಆರಿಸಿದಾಗಿನದು. ಎಡೆಬಿಡದೆ ಉರಿಸಿದರೆ ಲೇಸರ್ ತನ್ನದೇ ಶಾಖದಿಂದ ಬಿಸಿಯಾಗುತ್ತದೆ. ಹಾಗೆ ಉರಿಯುವ ಟೆರಾಹರ್ಟ್ಸ್ ಕ್ಯಾಸ್ಕೇಡ್ ಲೇಸರ್ 2014ರಲ್ಲಿ ಮುಟ್ಟಿದ್ದು 129 ಕೆಲ್ವಿನ್ ಮಾತ್ರ. ಗರಿಷ್ಠ ತಾಪಮಾನದ ಹತ್ತಿರ ಹೊರಬರುವ ಸಾಮರ್ಥ್ಯವೂ ಸಹಜವಾಗಿಯೇ ಸೊನ್ನೆಯತ್ತ ಇಳಿದಿರುತ್ತದೆ. ಕ್ಯಾಮೆರಾಕ್ಕೆ ಬೇಕಿರುವುದು ಸರಾಸರಿ ಸಾಮರ್ಥ್ಯ, ಆದ್ದರಿಂದ ತಾಪಮಾನದ ಅಂಕಿಯೊಂದರಿಂದಲೇ ವೇಗವನ್ನು ಊಹಿಸಲಾಗದು.

ಚಿಪ್ಪುಗಳು, ತೆಳು ಪದರಗಳು, ಗಿಗಾವ್ಯಾಟ್ ಪಲ್ಸುಗಳು

ಕ್ಯಾನನ್ ಹಿಡಿದ ದಾರಿ ಬೇರೆ. ಅದರ ಸಾಧನದಲ್ಲಿರುವುದು ರೆಸೊನೆಂಟ್ ಟನಲಿಂಗ್ ಡಯೋಡ್‌ಗಳು. ಎರಡು ತೆಳು ತಡೆಗೋಡೆಗಳನ್ನು ಎಲೆಕ್ಟ್ರಾನ್‌ಗಳು ಕ್ವಾಂಟಂ ನಿಯಮದಂತೆ ನುಸುಳುವಾಗ, ಒಂದು ಹಂತದಲ್ಲಿ ವೋಲ್ಟೇಜ್ ಹೆಚ್ಚಿಸಿದರೆ ವಿದ್ಯುತ್ ಕಡಿಮೆಯಾಗುವ ವಿಚಿತ್ರ ವರ್ತನೆ ಕಾಣುತ್ತದೆ. ಅದನ್ನೇ ಬಳಸಿ ತಾನಾಗಿ ಕಂಪಿಸುವ ಮಂಡಲ ಕಟ್ಟಬಹುದು. ಟೋಕಿಯೊದಲ್ಲಿ ಇಂಥ ಡಯೋಡ್‌ಗಳು ಕೋಣೆಯ ತಾಪಮಾನದಲ್ಲಿಯೇ 1.98 ಟೆರಾಹರ್ಟ್ಸ್ ಮುಟ್ಟಿವೆ, ಆದರೆ ಬಿಡಿ ಡಯೋಡಿನ ಸಾಮರ್ಥ್ಯ ಅತ್ಯಲ್ಪ. ಕ್ಯಾನನ್ 36 ಆಂಟೆನಾಗಳನ್ನು ಒಂದೇ ಚಿಪ್ಪಿನಲ್ಲಿ ಜೋಡಿಸಿ, ಎಲ್ಲವೂ ಒಂದೇ ತಾಳದಲ್ಲಿ ಕಂಪಿಸುವಂತೆ ಮಾಡಿ ಸಾಮರ್ಥ್ಯವನ್ನು ಒಟ್ಟುಗೂಡಿಸಿತು. ತಂಪು ಮಾಡುವ ಗೋಜಿಲ್ಲ. ಆದರೆ 450 ಗಿಗಾಹರ್ಟ್ಸ್‌ನ ತರಂಗಾಂತರ 0.67 ಮಿಲಿಮೀಟರ್. ಚಿತ್ರದ ಸೂಕ್ಷ್ಮತೆ ಸಾಮಾನ್ಯ ಮಸೂರಗಳಿಂದ ಅದಕ್ಕಿಂತ ಹೆಚ್ಚು ಕೆಳಗಿಳಿಯದು. ಕೆಲವು ಟೆರಾಹರ್ಟ್ಸ್‌ಗೆ ಹೊಂದುವ ಮೈಕ್ರೋಬೊಲೋಮೀಟರ್‌ಗಳ ಸೂಕ್ಷ್ಮತೆಯೂ ಇಷ್ಟು ಉದ್ದದ ತರಂಗಗಳಿಗೆ ಕುಗ್ಗುತ್ತದೆ. ಹಾಗಾಗಿ ಇಲ್ಲಿ ಆಂಟೆನಾ ಅಳವಡಿಸಿದ ಸಿಲಿಕಾನ್ ಕ್ಯಾಮೆರಾಗಳು ಬೇಕು. ಜರ್ಮನಿಯ ವುಪರ್ಟಾಲ್ ವಿಶ್ವವಿದ್ಯಾಲಯದ ತಂಡ 2012ರಲ್ಲಿಯೇ ಸಾಧಾರಣ ಸಿಲಿಕಾನ್ ತಂತ್ರಜ್ಞಾನದಲ್ಲಿ ಸಾವಿರ ಪಿಕ್ಸೆಲ್‌ಗಳ ಅಂಥ ಕ್ಯಾಮೆರಾ ಮಾಡಿ ತೋರಿಸಿದೆ.

ಪಲ್ಸ್ ಆಕರಗಳಲ್ಲೂ ಸುಧಾರಣೆ ನಡೆದಿದೆ. ಲೇಸರ್ ಬೆಳಕು ಅರೆವಾಹಕದಲ್ಲಿ ಹುಟ್ಟಿಸುವ ಎಲೆಕ್ಟ್ರಾನ್‌ಗಳಲ್ಲಿ ಬಹುಪಾಲು ವಿದ್ಯುದ್ವಾರವನ್ನು ಸಮಯಕ್ಕೆ ಸರಿಯಾಗಿ ತಲುಪದೆ ವ್ಯರ್ಥವಾಗುತ್ತಿದ್ದವು. ಅಮೆರಿಕದ ಎಂಜಿನಿಯರ್ ಮೋನಾ ಜರ್ರಾಹಿ ಅವರ ತಂಡ ವಿದ್ಯುದ್ವಾರಕ್ಕೆ ನ್ಯಾನೊ ಗಾತ್ರದ ಲೋಹದ ಸಾಲುಗಳನ್ನು ಕೂರಿಸಿ, ಬೆಳಕು ಲೋಹದ ಪಕ್ಕದಲ್ಲಿಯೇ ಸಾಂದ್ರವಾಗುವಂತೆ ಮಾಡಿತು. ಎಲೆಕ್ಟ್ರಾನ್ ಕ್ರಮಿಸಬೇಕಾದ ದೂರ ತಗ್ಗಿದ್ದರಿಂದ, ಸರಾಸರಿ ಸಾಮರ್ಥ್ಯ ಮೈಕ್ರೋವ್ಯಾಟ್‌ಗಳಿಂದ ಮಿಲಿವ್ಯಾಟ್‌ಗಳಿಗೆ ಏರಿತು. ಬರ್ಲಿನ್ನಿನ ಫ್ರಿಟ್ಸ್ ಹಾಬರ್ ಸಂಸ್ಥೆಯ ಸಂಶೋಧಕರು ಸಹೋದ್ಯೋಗಿಗಳೊಡನೆ 2016ರಲ್ಲಿ ಪ್ರಕಟಿಸಿದ ಆಕರ ಒಟ್ಟು ಸೇರಿ ಕೇವಲ 5.8 ನ್ಯಾನೊಮೀಟರ್ ದಪ್ಪದ ಮೂರು ಲೋಹಪದರಗಳದ್ದು. ಎಲೆಕ್ಟ್ರಾನಿನ ಸ್ಪಿನ್ ಪ್ರವಾಹವನ್ನು ಬಳಸುವ ಅದು 1ರಿಂದ 30 ಟೆರಾಹರ್ಟ್ಸ್‌ವರೆಗೆ ನಡುವೆ ಎಲ್ಲೂ ಕಡಿಯದೆ ವಿಕಿರಣ ಕೊಡುತ್ತದೆ. ತಯಾರಿಸುವುದೂ ಅಗ್ಗ. ಆದರೆ ಇವೆಲ್ಲಕ್ಕೂ ಹಿಂದೆ ನಿಂತು ಬೆಳಕು ಕೊಡುವ, ಅತಿಕಿರು ಪಲ್ಸುಗಳ ಫೆಮ್ಟೊಸೆಕೆಂಡ್ ಲೇಸರ್ ಅಗ್ಗವಲ್ಲ. ಉಪಕರಣದ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದೇ.

ಗಿಗಾವ್ಯಾಟ್ ಸಾಮರ್ಥ್ಯದ ಟೆರಾಹರ್ಟ್ಸ್ ಪಲ್ಸ್ ಎಂಬ ಸುದ್ದಿಗಳೂ ಆಗಾಗ ಬರುತ್ತವೆ. ಅವು ಸುಳ್ಳಲ್ಲ, ಆದರೆ ಚಿತ್ರಣದ ದೃಷ್ಟಿಯಿಂದ ಮೋಸಗೊಳಿಸುತ್ತವೆ. 1 ಮಿಲಿಜೂಲ್ ಶಕ್ತಿಯ ಪಲ್ಸು ಒಂದು ಪಿಕೋಸೆಕೆಂಡಿನಲ್ಲಿ ಮುಗಿದರೆ ಆ ಕ್ಷಣದ ಸಾಮರ್ಥ್ಯ 1 ಗಿಗಾವ್ಯಾಟ್ ಆಗುತ್ತದೆ. ಸೆಕೆಂಡಿಗೆ ಅಂಥ ಹತ್ತು ಪಲ್ಸುಗಳಿದ್ದರೆ ಸರಾಸರಿ ಅದೇ 10 ಮಿಲಿವ್ಯಾಟ್. ವಸ್ತುವಿನ ಎಲೆಕ್ಟ್ರಾನ್‌ಗಳನ್ನು ಬಲವಾಗಿ ಕದಡಿ ನೋಡುವ ಭೌತವಿಜ್ಞಾನಿಗೆ ಆ ಕ್ಷಣದ ತೀವ್ರತೆ ಬೇಕು. ಕನ್ವೇಯರ್ ಬೆಲ್ಟಿನ ಮೇಲೆ ಸಾಗುವ ಪೊಟ್ಟಣವನ್ನು ನೋಡುವವನಿಗೆ ಸೆಕೆಂಡಿಗೆ ಹತ್ತು ಪಲ್ಸೆಂದರೆ ಹೆಚ್ಚೆಂದರೆ ಹತ್ತು ಚಿತ್ರ.

ಆಕರವನ್ನೇ ಏಕೆ ದೂರಬೇಕು ಎನ್ನುವವರು

ಸಂಶೋಧಕರೆಲ್ಲರೂ ಆಕರವೇ ಮುಖ್ಯ ತೊಡಕು ಎಂದು ಒಪ್ಪುವುದಿಲ್ಲ. ಡಿಟೆಕ್ಟರನ್ನು ಸುಧಾರಿಸಿದರೆ ಅಷ್ಟೇ ಲಾಭವಿದೆ ಎನ್ನುವವರ ವಾದಕ್ಕೆ ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದ 2020ರ ಪ್ರಯೋಗ ಬಲ ಕೊಡುತ್ತದೆ. ಅಲ್ಲಿ ಸೀಸಿಯಂ ಆವಿಯನ್ನು ಲೇಸರುಗಳಿಂದ ಉದ್ರೇಕಿಸಿ, 0.55 ಟೆರಾಹರ್ಟ್ಸ್ ಕಿರಣ ಬಿದ್ದಲ್ಲೆಲ್ಲ ಆವಿ ಹಸಿರು ಬೆಳಕು ಸೂಸುವಂತೆ ಮಾಡಿದರು. ಹಸಿರು ಬೆಳಕನ್ನು ಕಣ್ಣಿಗೆ ಕಾಣುವ ಬೆಳಕಿನ ಅತಿವೇಗದ ಕ್ಯಾಮೆರಾ ಹಿಡಿಯಿತು: ಸೆಕೆಂಡಿಗೆ 3,000 ಚಿತ್ರ. ಇದು ನಿಜಕ್ಕೂ ಬೆರಗಿನ ಸಾಧನೆ. ಆದರೆ ಪರಮಾಣು ಸ್ಪಂದಿಸುವುದು ಆ ಒಂದೇ ಆವೃತ್ತಿಗೆ. ಟೆರಾಹರ್ಟ್ಸ್‌ನ ವಿಶೇಷ ಗುಣವಾದ ವಸ್ತುವಿನ ಗುರುತು ಹಿಡಿಯುವಿಕೆ ಅಲ್ಲಿ ಸಿಗುವುದಿಲ್ಲ.

ಮೂರನೆಯ ಪಕ್ಷ ಗಣಿತವನ್ನು ನಂಬುತ್ತದೆ. ಒಂದೇ ಡಿಟೆಕ್ಟರ್ ಇಟ್ಟು, ಕಿರಣಕ್ಕೆ ಬೇರೆ ಬೇರೆ ವಿನ್ಯಾಸದ ಮರೆಗಳನ್ನು ಹಿಡಿದು, ಬಂದ ಮೊತ್ತಗಳಿಂದ ಚಿತ್ರವನ್ನು ಲೆಕ್ಕಹಾಕಿ ತೆಗೆಯಬಹುದೆಂದು ಅಮೆರಿಕದ ರೈಸ್ ವಿಶ್ವವಿದ್ಯಾಲಯ 2008ರಲ್ಲಿ ತೋರಿಸಿತು. ಪ್ರತಿ ಅಳತೆಯಲ್ಲೂ ಸುಮಾರು ಅರ್ಧದಷ್ಟು ಬೆಳಕು ಡಿಟೆಕ್ಟರಿಗೆ ತಲುಪುವುದರಿಂದ, ಕ್ಯಾಮೆರಾದಲ್ಲಿ ಸಾಮರ್ಥ್ಯ ಹಂಚಿಹೋಗುವ ದಂಡ ಇಲ್ಲಿಲ್ಲ. 2020ರಲ್ಲಿ ಈ ವಿಧಾನ 32ಕ್ಕೆ 32 ಬಿಂದುಗಳ ಚಿತ್ರವನ್ನು ಸೆಕೆಂಡಿಗೆ ಆರರಂತೆ ಕೊಟ್ಟಿತು. ಬಿಂದುಗಳ ಸಂಖ್ಯೆ ಹೆಚ್ಚಿದಂತೆ ಮರೆಗಳೂ ಹೆಚ್ಚುವುದರಿಂದ, ದೊಡ್ಡ ಚಿತ್ರಗಳಿಗೆ ಇದು ಎಷ್ಟರಮಟ್ಟಿಗೆ ಹಿಗ್ಗೀತು ಎಂಬುದೇ ಇದರ ಮುಂದಿರುವ ಪ್ರಶ್ನೆ.

ಈ ವಾದಗಳನ್ನು ತೂಗಿದರೆ, ವಸ್ತುವಿನ ಸ್ವಭಾವವೇ ತೀರ್ಪು ಕೊಡುತ್ತದೆ ಎನ್ನುವುದು ಸರಿ. ಕಿರಣವನ್ನು ಬಹಳವಾಗಿ ಹೀರಿಕೊಳ್ಳುವ ದಪ್ಪ ವಸ್ತುವಿಗೆ ಗಣಿತವಾಗಲಿ ಚುರುಕು ಕ್ಯಾಮೆರಾವಾಗಲಿ ಇಲ್ಲದ ಫೋಟಾನ್‌ಗಳನ್ನು ತಂದುಕೊಡಲಾರವು. ಅಲ್ಲಿ ಆಕರವೇ ಬೇಕು. ತೆಳು ಪದರದ ದಪ್ಪ ಅಳೆಯುವಲ್ಲಿ ಈಗಿರುವ ಆಕರಗಳೇ ಸಾಕಷ್ಟು ಬಲವಾಗಿವೆ, ಅಲ್ಲಿ ಅಳೆಯುವ ವೇಗವೇ ಮುಖ್ಯ. ಬಲವಾದ ಏಕ-ಆವೃತ್ತಿ ಆಕರ ತನ್ನದೇ ತೊಂದರೆಯನ್ನೂ ತರುತ್ತದೆ: ವಸ್ತುವಿನ ಮೇಲ್ಮೈಗಳಿಂದ ಮರಳುವ ಅಲೆಗಳು ಪರಸ್ಪರ ಕೂಡಿ ಕಳೆದು ಚಿತ್ರದ ಮೇಲೆ ಪಟ್ಟೆಗಳನ್ನು ಮೂಡಿಸುತ್ತವೆ. ಸಾಮರ್ಥ್ಯ ಹೆಚ್ಚಿಸಿದರೆ ಈ ಪಟ್ಟೆಗಳು ಹೋಗುವುದಿಲ್ಲ.

ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ

ವಿಮಾನ ನಿಲ್ದಾಣಗಳ ದೇಹ ಸ್ಕ್ಯಾನರುಗಳನ್ನು ಅನೇಕರು ಟೆರಾಹರ್ಟ್ಸ್ ಯಂತ್ರಗಳೆಂದೇ ಕರೆಯುತ್ತಾರೆ. ಬಳಕೆಯಲ್ಲಿರುವ ಪ್ರಮುಖ ಯಂತ್ರಗಳು 24–30 ಅಥವಾ 70–80 ಗಿಗಾಹರ್ಟ್ಸ್‌ನ ಮಿಲಿಮೀಟರ್ ತರಂಗ ಬಳಸುತ್ತವೆ, ಅಂದರೆ ಟೆರಾಹರ್ಟ್ಸ್ ವಲಯದ ಕೆಳಗಡಿಗಿಂತಲೂ ಕೆಳಗೆ. ಅಲ್ಲಿ ಆಕರ ಅಗ್ಗ, ಬಟ್ಟೆ ಪಾರದರ್ಶಕ, ಚಾಕು ಗುರುತಿಸಲು ಕೆಲವು ಮಿಲಿಮೀಟರ್ ಸೂಕ್ಷ್ಮತೆ ಸಾಕು. ಈ ಮಾರುಕಟ್ಟೆಯನ್ನು ಟೆರಾಹರ್ಟ್ಸ್ ಗೆಲ್ಲಬೇಕಾದರೆ ವೇಗವೊಂದೇ ಸಾಲದು. ದೂರದಿಂದ ನೋಡುವ ಆಸೆಗೆ ಗಾಳಿಯ ತೇವಾಂಶ ಅಡ್ಡಿ. 2006ರಲ್ಲಿ ಎಂಐಟಿ ತಂಡ 25 ಮೀಟರ್‌ಗಿಂತ ಹೆಚ್ಚು ದೂರದಿಂದ ವಿಡಿಯೊ ವೇಗದ ಚಿತ್ರ ತೆಗೆದಾಗ, ನೀರಾವಿ ಕಡಿಮೆ ಹೀರಿಕೊಳ್ಳುವ 4.9 ಟೆರಾಹರ್ಟ್ಸ್‌ನ ಕಿರಿದಾದ ಕಿಂಡಿಯನ್ನು ಆರಿಸಿಕೊಳ್ಳಬೇಕಾಗಿತ್ತು.

ಆಸ್ಪತ್ರೆಯಲ್ಲಿ ಎಕ್ಸ್‌-ರೇಗೆ ಬದಲಿ ಎಂಬ ಮಾತನ್ನು ಕೈಬಿಡುವುದು ಒಳ್ಳೆಯದು. 1 ಟೆರಾಹರ್ಟ್ಸ್ ಕಿರಣ ನೀರಿನಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಸಾಗುವುದರೊಳಗೆ ಬಹುಪಾಲು ಕರಗಿಹೋಗುತ್ತದೆ. ಸಾಮರ್ಥ್ಯವನ್ನು ಸಾವಿರ ಪಟ್ಟು ಹೆಚ್ಚಿಸಿದರೂ ಆಳ ಹೆಚ್ಚುವುದು ಅಲ್ಪವೇ. ಮೂಳೆ, ಶ್ವಾಸಕೋಶಗಳು ಅದರ ಎಟುಕಿಗೆ ಬರುವುದಿಲ್ಲ. ಚರ್ಮದ ಗಡ್ಡೆಯ ಅಂಚು, ಸುಟ್ಟ ಗಾಯದ ತೇವ, ಕಣ್ಣಿನ ಕಾರ್ನಿಯ ಮುಂತಾದ ಮೇಲ್ಪದರದ ಪರೀಕ್ಷೆಗಳಲ್ಲಿ ಅದೇ ನೀರಿನ ಸೂಕ್ಷ್ಮತೆ ಗುಣವಾಗಿ ಪರಿಣಮಿಸುತ್ತದೆ. ಮಿಸುಕುವ ರೋಗಿಯ ಮುಂದೆ ಎಂಟು ನಿಮಿಷ ಕಾಯುವಂತಿಲ್ಲದ್ದರಿಂದ ಅಲ್ಲಿ ವೇಗಕ್ಕೆ ನೇರ ಬೆಲೆ ಇದೆ.

ಮೊದಲು ಬದಲಾವಣೆ ಕಾಣುವುದು ಕಾರ್ಖಾನೆಯಲ್ಲಿ. ಕಾರಿನ ಬಣ್ಣದ ಪದರಗಳು, ಮಾತ್ರೆಯ ಲೇಪ, ಚಿಪ್ಪಿನ ಪ್ಯಾಕೇಜಿನ ಒಳಗಿನ ಬಿರುಕು, ಇವನ್ನೆಲ್ಲ ಟೆರಾಹರ್ಟ್ಸ್ ಪಲ್ಸಿನಿಂದ ಅಳೆಯುವುದು ಈಗಾಗಲೇ ನಡೆದಿದೆ. 2003ರ ಕೊಲಂಬಿಯ ದುರಂತದ ಬಳಿಕ ನಾಸಾ ಬಾಹ್ಯಾಕಾಶ ನೌಕೆಯ ಇಂಧನ ಟ್ಯಾಂಕಿನ ನೊರೆಹೊದಿಕೆಯ ಒಳಗಿನ ಟೊಳ್ಳುಗಳನ್ನು ಹುಡುಕಲು ಈ ತಂತ್ರವನ್ನು ಬಳಸಿತು. ಇಲ್ಲೆಲ್ಲ ವಸ್ತು ಒಣದ್ದು, ದೂರ ಕಡಿಮೆ, ಉಪಕರಣದ ಬೆಲೆಯನ್ನು ಉಳಿತಾಯ ತೀರಿಸುತ್ತದೆ. ಇಂದು ಸಾಲಿನಿಂದ ಕೆಲವನ್ನು ಆರಿಸಿ ಪರೀಕ್ಷಿಸುವಲ್ಲಿ, ವೇಗ ಹೆಚ್ಚಿದರೆ ಪ್ರತಿಯೊಂದನ್ನೂ ಪರೀಕ್ಷಿಸಬಹುದು.

ಪರವಾನಗಿಯ ಗೆರೆ ಎಲ್ಲಿ

ಭಾರತದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್) 2017ರಲ್ಲಿ ಅಸಿಟೋನಿನಂಥ ದ್ರವಗಳೊಳಗೆ ಲೇಸರ್ ಹಾಯಿಸಿ ಗಾಳಿಗಿಂತ ಹೆಚ್ಚು ಸಮರ್ಥವಾಗಿ ಟೆರಾಹರ್ಟ್ಸ್ ಹುಟ್ಟಿಸಬಹುದೆಂದು ತೋರಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಫೀನಿನಂಥ ವಸ್ತುಗಳನ್ನು ಟೆರಾಹರ್ಟ್ಸ್ ಪಲ್ಸುಗಳಿಂದ ಅಭ್ಯಸಿಸಲಾಗಿದೆ. ಇವು ಮೂಲ ವಿಜ್ಞಾನದ ಕೆಲಸಗಳು. ಸಾಧನಗಳ ತಯಾರಿಕೆಗೆ ನೆರವಾಗಬೇಕಿರುವುದು ಟ್ರಾಯ್‌ನ 2024ರ ಶಿಫಾರಸು. ಅದರಂತೆ 95 ಗಿಗಾಹರ್ಟ್ಸ್‌ನಿಂದ 3 ಟೆರಾಹರ್ಟ್ಸ್‌ವರೆಗೆ ಪ್ರಯೋಗಕ್ಕೆ ಐದು ವರ್ಷದವರೆಗಿನ ಸರಳ ಅನುಮತಿ ಸಿಗಬೇಕು. 116–123, 174.8–182, 185–190 ಮತ್ತು 244–246 ಗಿಗಾಹರ್ಟ್ಸ್ ಆವೃತ್ತಿ ಪಟ್ಟಿಗಳಿಗೆ (ಬ್ಯಾಂಡ್) ಪರವಾನಗಿಯೇ ಬೇಡ ಎನ್ನುತ್ತದೆ ಆ ಶಿಫಾರಸು. ಅಮೆರಿಕ ಇಂಥದೇ ನಿಯಮವನ್ನು 2019ರಲ್ಲಿ ತಂದಿತ್ತು.

3 ಟೆರಾಹರ್ಟ್ಸ್ ಎಂಬ ಮೇಲ್ಗಡಿ ಆಕಸ್ಮಿಕವಲ್ಲ. ಅಂತರರಾಷ್ಟ್ರೀಯ ನಿಯಮಗಳಲ್ಲಿ ರೇಡಿಯೊ ತರಂಗದ ವ್ಯಾಖ್ಯೆ ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ಕ್ಯಾನನ್ ಬಗೆಯ 450 ಗಿಗಾಹರ್ಟ್ಸ್ ಚಿಪ್ಪು ರೇಡಿಯೊ ತರಂಗ ಹಂಚಿಕೆಯ ಕಾನೂನಿನೊಳಗೆ ಬರುತ್ತದೆ, 4 ಟೆರಾಹರ್ಟ್ಸ್‌ನ ಕ್ಯಾಸ್ಕೇಡ್ ಲೇಸರ್ ಬರುವುದಿಲ್ಲ. ಅದಕ್ಕಿರುವುದು ಲೇಸರ್ ಸುರಕ್ಷತೆಯ ಕಟ್ಟಳೆ. ಒಂದೇ ಕೆಲಸ ಮಾಡುವ ಎರಡು ಕ್ಯಾಮೆರಾಗಳಿಗೆ ಎರಡು ಬಗೆಯ ಅನುಮತಿ ಬೇಕಾಗಬಹುದು ಎಂಬುದನ್ನು ಉದ್ಯಮಗಳು ಮೊದಲೇ ಗಮನಿಸಬೇಕು.

ಟ್ರಾಯ್ ಶಿಫಾರಸಿನಲ್ಲಿ 182ರಿಂದ 185 ಗಿಗಾಹರ್ಟ್ಸ್‌ವರೆಗೆ ಬಿಟ್ಟಿರುವ ಖಾಲಿ ಜಾಗವೂ ಕಣ್ಣಿಗೆ ಬೀಳದಿರದು. ನೀರಾವಿ ಬಲವಾಗಿ ಹೀರಿಕೊಳ್ಳುವ 183 ಗಿಗಾಹರ್ಟ್ಸ್ ರೇಖೆ ಅಲ್ಲಿದೆ. ಹವಾಮಾನ ಉಪಗ್ರಹಗಳು ವಾತಾವರಣದ ತೇವಾಂಶವನ್ನು ಅಳೆಯುವುದು ಆ ರೇಖೆಯ ಕ್ಷೀಣ ಹೊಳಪಿನಿಂದಲೇ. ಇಸ್ರೊ ಮತ್ತು ಫ್ರಾನ್ಸ್ ಒಟ್ಟಾಗಿ 2011ರಲ್ಲಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹದ ಒಂದು ಉಪಕರಣ ಮಾಡಿದ್ದೂ ಇದನ್ನೇ. ಆ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡುವಂತಿಲ್ಲ ಎಂಬುದು ಅಂತರರಾಷ್ಟ್ರೀಯ ನಿಯಮ. ಆಕರಗಳು ಮೈಕ್ರೋವ್ಯಾಟ್‌ಗಳಲ್ಲಿದ್ದಾಗ ಈ ನಿಯಮ ಮುರಿಯುವ ಪ್ರಸಂಗ ಬರುವುದು ಅಪರೂಪವಾಗಿತ್ತು. ಅಕ್ಕಪಕ್ಕದ ಪಟ್ಟಿಗಳಲ್ಲಿ ಪರವಾನಗಿ ಇಲ್ಲದ ಮಿಲಿವ್ಯಾಟ್ ಸಾಧನಗಳು ಸಾವಿರಾರು ಸಂಖ್ಯೆಯಲ್ಲಿ ಬಂದಾಗ, ಅವು ತಮ್ಮ ಪಟ್ಟಿಯ ಅಂಚನ್ನು ಮೀರಿ ಎಷ್ಟು ಸೂಸಬಹುದು ಎಂಬ ಮಿತಿಯನ್ನು ಅಂಕಿಗಳಲ್ಲಿ ನಿಗದಿಪಡಿಸಿ, ಮಾರಾಟಕ್ಕೆ ಮುನ್ನ ಪರೀಕ್ಷಿಸುವ ವ್ಯವಸ್ಥೆ ಮಾಡಬೇಕಾಗುತ್ತದೆ.